ಸೌಟು ಯಾರ ಕೈಲಿದೆ?

"ಈಗೆಲ್ಲಿದೆ ಮೇಡಂ ಜಾತಿ? ಎಲ್ಲರೂ ಒಂದೇ ಲೈನಲ್ಲಿ ಕೂತು ಊಟ ಮಾಡ್ತೀವಲ್ಲ!" ಈ ಒಂದು ವರ್ಷದಲ್ಲಿ ಈ ಮಾತನ್ನ ಭಟ್ಕಳದಲ್ಲಿ ಕೇಳಿದೀನಿ, ಹೊನ್ನಾವರದಲ್ಲಿ ಕೇಳಿದೀನಿ, ಕುಮಟಾದಲ್ಲಂತೂ ವಾರಕ್ಕೊಮ್ಮೆ ಕೇಳಿದೀನಿ. ಹೇಳುವವರು ಕೆಟ್ಟವರಲ್ಲ. ಅವರಲ್ಲಿ ಬಹಳ ಜನ ಹಸಿದವರಿಗೆ ಊಟ ಹಾಕುವವರು. ಅವರ ಪಕ್ಕದಲ್ಲೇ ನಿಂತು ನಾನೂ ಬಡಿಸಿದೀನಿ. ಅದಕ್ಕೇ ಅವರಿಗೆ ಕೊಡಬೇಕಾದ ಉತ್ತರವನ್ನ ಇಲ್ಲಿ ಉದ್ದಕ್ಕೇ ಬರೀತಿದೀನಿ. ಪುರುಸೊತ್ತಿದ್ದಾಗ ಓದಿ.

ನಾನು ಗದಗ ಜಿಲ್ಲೆಯವಳು. ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿಯ ಸೀಮೆ. ಕೆಲಸದ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಬಂದೆ. ನಮ್ಮ ಕಡೆಗೂ ಈ ಊರಿಗೂ ಹಳೇ ನಂಟಿದೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಈ ಬಂದರಿಗೆ ಭಾರೀ ದುಡ್ಡು ಬಂತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ನಮ್ಮ ಹೊಲದ ಹತ್ತಿಗೆ ಕುಮಟಾದ್ದೇ ಹೆಸರು! ಈಗ ಹತ್ತಿಯ ಬದಲು ಜನ ಇಳೀತಾರೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದಿಂದ ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬರ್ತಾರೆ. ಇಲ್ಲಿನವರ ಬಾಯಲ್ಲಿ ನಾವೆಲ್ಲ "ಘಟ್ಟದ ಮೇಲಿನವರು".

ಬಾಡಿಗೆ ಮನೆ ಹುಡುಕುವಾಗ ಮೂರು ಕಡೆ ಒಂದೇ ಪ್ರಶ್ನೆ: "ನೀವು ಎಂತ ಜನ?" ಮನುಷ್ಯರು ಅಂದ್ರೆ ನಗ್ತಾರೆ, ನಕ್ಕು ಮತ್ತೆ ಅದನ್ನೇ ಕೇಳ್ತಾರೆ. ನಾಲ್ಕನೇ ಕಡೆ ಮನೆ ಸಿಕ್ತು. ಆ ಕಥೆ ನಿಮಗೆಲ್ಲ ಗೊತ್ತಿರೋದೇ, ಅದನ್ನ ಎಳೆಯಲ್ಲ.

ಭಾನುವಾರ ಬಂದ್ರೆ ಬಸ್ಸು ಹತ್ತೋದು, ಊರು ನೋಡೋದು. ಕುಮಟಾದಿಂದ ಭಟ್ಕಳಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸು. ನಡುವೆ ಹೊನ್ನಾವರ, ಶರಾವತಿಯ ದೊಡ್ಡ ಸೇತುವೆ. ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ. ಹೆದ್ದಾರಿ 66, ಕೊಂಕಣ ರೈಲು, ಜನರ ಮನೆ, ಎಲ್ಲ ಆ ಸಣ್ಣ ಪಟ್ಟಿಯಲ್ಲೇ ಒತ್ತಿಕೊಂಡು ಕೂತಿವೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಹೆಂಗಸರು ಮರಳ ಮೇಲೆ ಮೀನು ಒಣಗಿಸೋದನ್ನ ಗಂಟೆಗಟ್ಟಲೆ ನೋಡಿದೀನಿ. ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಹೋರಾಡ್ತಿರೋ ಮೀನುಗಾರರ ಊರದು. ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯನ್ನ ಜಡೆ ಹೆಣೆದು ತೂಗು ಹಾಕಿರ್ತಾರೆ. ಬಸ್ಸಿನ ಕಿಟಕಿಯಿಂದಲೇ ವಾಸನೆ ಬರುತ್ತೆ.

ಭಟ್ಕಳದ ಬಗ್ಗೆ ಟೀವಿಯವರು ಏನು ಹೇಳ್ತಾರೆ ಅಂತ ನಿಮಗೆ ಗೊತ್ತು. ನಾನು ನೋಡಿದ ಭಟ್ಕಳದಲ್ಲಿ ಕಲ್ಲಿನ ಜೈನ ಬಸದಿ ಇದೆ, ಕೇತಪೈ ನಾರಾಯಣ ಗುಡಿ ಇದೆ, ಸಂಜೆಗೆ ಮಲ್ಲಿಗೆ ದಂಡೆ ಮಾರೋರಿದಾರೆ. ರಂಜಾನ್ ತಿಂಗಳಲ್ಲಿ ಸಹೋದ್ಯೋಗಿ ಗೆಳತಿಯೊಬ್ಬಳು ಮನೆಗೆ ಕರೆದಳು. ಉಪವಾಸ ಬಿಡೋ ಹೊತ್ತಿಗೆ ಒಂದೇ ದೊಡ್ಡ ತಟ್ಟೆಯ ಸುತ್ತ ಐದು ಜನ ಹೆಂಗಸರು ಕೂತ್ವಿ. ಎಲ್ಲರ ಕೈ ಒಂದೇ ತಟ್ಟೆಗೆ. ನನ್ನ ಕೈ ಮಾತ್ರ ಒಂದು ಗಳಿಗೆ ತಡೀತು. "ತಿನ್ನು, ಏನ್ ನೋಡ್ತಿ?" ಅಂದ್ರು ಅವಳ ತಾಯಿ. ಅಷ್ಟೇ ಮಾತು. ಇದನ್ನ ಹೇಳಿ ಭಟ್ಕಳ ಸ್ವರ್ಗ ಅಂತ ಸಾಧಿಸೋಕೆ ಹೊರಟಿಲ್ಲ. ಯಾವ ಊರಾದ್ರೂ ಸರಿ, ಅಲ್ಲಿನ ಪೌರಕಾರ್ಮಿಕರ ಕೇರಿಗೆ ಹೋಗಿ ಕೇಳದೆ ಆ ಊರು ಒಳ್ಳೇದು ಅಂತ ನಾನು ಬರೆಯಲ್ಲ.

ಇನ್ನು ಊಟದ ವಿಷಯ.

ಈ ಮೂರು ಊರುಗಳಲ್ಲಿ ಒಂದರಲ್ಲಿ ಗೆಳೆಯರ ಗುಂಪೊಂದು ಮಧ್ಯಾಹ್ನದ ಊಟ ಹಂಚುತ್ತೆ. ಯಾವ ಊರು ಅಂತ ಹೇಳಲ್ಲ, ಗುಂಪಿನ ಹೆಸರೂ ಹೇಳಲ್ಲ. ಹೇಳಿದ್ರೆ ಚರ್ಚೆಯೆಲ್ಲ ಆ ಗುಂಪಿನ ಮೇಲೆ ಹೋಗುತ್ತೆ, ಪ್ರಶ್ನೆ ಇದ್ದಲ್ಲೇ ಇರುತ್ತೆ. ಸರ್ಕಾರಿ ಆಸ್ಪತ್ರೆ ಹತ್ತಿರ ಒಂದು ಶೀಟಿನ ಶೆಡ್ಡು, ಎರಡು ದೊಡ್ಡ ಒಲೆ, ಒಂದು ಹಳೇ ಓಮ್ನಿ. ದಿನಕ್ಕೆ ನೂರಿಪ್ಪತ್ತು ಜನ ಉಣ್ತಾರೆ. ಹದಿನೈದು ಕೆಜಿ ಅಕ್ಕಿ, ಒಂದು ಸಾರು, ಒಂದು ಪಲ್ಯ, ಮಜ್ಜಿಗೆ. ಒಂದು ದಿನದ ಖರ್ಚು ಒಬ್ಬ ದಾನಿಯದು. ಹುಟ್ಟಿದ ಹಬ್ಬ, ಮದುವೆಯ ವರ್ಷ, ತೀರಿಕೊಂಡವರ ತಿಥಿ, ಹೀಗೆ ದಿನ ಬರೆಸ್ತಾರೆ. ಬೋರ್ಡಿನ ಮೇಲೆ ಅವತ್ತಿನ ದಾನಿಯ ಹೆಸರು.

ಉಣ್ಣೋಕೆ ಬರುವವರು ಯಾರು? ಅಲ್ಲಿ ಒಳರೋಗಿಗೆ ಊಟ ಸಿಗುತ್ತೆ, ಜೊತೆಗೆ ಬಂದವರಿಗೆ ಇಲ್ಲ. ಗುಡ್ಡದ ಕಡೆಯ ಹಳ್ಳಿಯಿಂದ ಹೆರಿಗೆಗೆ ಬಂದ ಮಗಳ ಜೊತೆ ತಾಯಿ ಮೂರು ದಿನ ಬಿಸ್ಕತ್ತಿನಲ್ಲೇ ಕಳೀತಾಳೆ. ದೊಡ್ಡ ಕಾಯಿಲೆಯಾದ್ರೆ ಈ ಜಿಲ್ಲೆಯ ಜನ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ವಿಡಿಯೋ ನೀವೆಲ್ಲ ನೋಡಿದೀರಿ. ಅದಾದ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅನ್ನೋ ಕೂಗು ಮತ್ತೆ ಜೋರಾಯ್ತು. ದುಡ್ಡೆಲ್ಲ ಗಾಡಿ ಬಾಡಿಗೆಗೇ ಎತ್ತಿಟ್ಟವರು ನಮ್ಮ ಲೈನಲ್ಲಿ ನಿಲ್ತಾರೆ. ಕೆಲಸ ಸಿಗದ ದಿನ ನಮ್ಮ ಕಡೆಯ ಗಾರೆಯವರು ಬರ್ತಾರೆ. ನಾನು "ಊಟ ಆತೇನ್ರಿ?" ಅಂದ್ರೆ ಸಾಕು, "ಅಕ್ಕಾ, ನೀ ನಮ್ಮ ಕಡೀಯಾಕಿ ಏನು?" ಅಂತ ಮುಖ ಅರಳಿಸ್ತಾರೆ. ಈ ಲೈನಲ್ಲಿ ಯಾರೂ ಯಾರ ಜಾತಿಯನ್ನೂ ಕೇಳಲ್ಲ. ಇದು ನಿಜ. ಇದನ್ನ ಮೆಚ್ಚಿಕೊಂಡೇ ನಾನು ಶನಿವಾರ, ರಜಾದಿನ ಅಲ್ಲಿ ಕೆಲಸಕ್ಕೆ ನಿಂತದ್ದು.

ಆದರೆ ಲೈನು ಬಿಟ್ಟು ಶೆಡ್ಡಿನ ಒಳಗೆ ಬನ್ನಿ.

ಒಲೆ ಮುಂದೆ ಅಡುಗೆ ಭಟ್ಟರು. ತರಕಾರಿ ಹೆಚ್ಚೋಕೆ ನಾಲ್ಕೈದು ಮನೆಯ ಹೆಂಗಸರು. ಬಡಿಸೋಕೆ, ಫೋಟೋ ತೆಗೆಯೋಕೆ ದಾನಿಯ ಮನೆಯವರು. ಶೆಡ್ಡಿನ ಹಿಂದೆ, ನಲ್ಲಿ ಹತ್ತಿರದ ಕಲ್ಲಿನ ಮೇಲೆ, ತಪ್ಪಲೆ ತಿಕ್ಕೋಳು ಒಬ್ಬಳು ಅಕ್ಕ. ಮುಕ್ರಿ ಕೇರಿಯವಳು. ವಯಸ್ಸು ಐವತ್ತರ ಹತ್ತಿರ. ಯಾರೂ ಅವಳಿಗೆ ಕೆಟ್ಟ ಮಾತಾಡಿದ್ದನ್ನ ನಾನು ಕೇಳಿಲ್ಲ. ಹಬ್ಬಕ್ಕೆ ಸೀರೆ ಕೊಡ್ತಾರೆ. ಊಟ ಮುಗಿದ ಮೇಲೆ "ಮನೆಗೆ ಸಾರು ತಗೊಂಡು ಹೋಗು" ಅಂತಾರೆ. ಒಂದು ದಿನ ಕೇಳಿದೆ, "ಅಕ್ಕಾ, ನೀನ್ಯಾಕೆ ಒಳಗೆ ಬಂದು ತರಕಾರಿಗೆ ಕೂರಲ್ಲ?" ಅವಳು ತೆಂಗಿನ ಜುಂಗು ಕೆಳಗಿಟ್ಟು ಹೇಳಿದ್ದು ಇಷ್ಟು: "ಒಳಗೆ ಬರಬ್ಯಾಡ ಅಂತ ಯಾರೂ ಹೇಳ್ಲಿಲ್ಲ ತಂಗಿ. ಬಾ ಅಂತಲೂ ಹೇಳ್ಲಿಲ್ಲ."

ಮುಕ್ರಿ, ಹಳ್ಳೇರ, ಆಗೇರ. ಉತ್ತರ ಕನ್ನಡದ ಈ ಪರಿಶಿಷ್ಟ ಜಾತಿಗಳ ಹೆಸರು ಘಟ್ಟದ ಮೇಲಿನ ನಮ್ಮ ಸಂಘಟನೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ಹೊಲೆಯ, ಮಾದಿಗ ಅಂತ ಮಾತು ಶುರು ಮಾಡಿ ಅಲ್ಲಿಗೇ ಮುಗಿಸ್ತೀವಿ. ಆಗೇರರ ಹೆಸರು ಬಂದಿದ್ದೇ ಉಪ್ಪಿನ ಆಗರದಿಂದ. ಗೋಕರ್ಣದ ಹತ್ತಿರ ಸಾಣಿಕಟ್ಟೆಗೆ ಹೋಗಿ ನೋಡಿ. ಅಘನಾಶಿನಿಯ ಉಪ್ಪುನೀರನ್ನ ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಕಾಯಿಸಿ, ಉಪ್ಪು ಎಳೆದು ಗುಡ್ಡೆ ಹಾಕ್ತಾರೆ. ಅರ್ಧ ಗಂಟೆ ಆ ಬಿಸಿಲಲ್ಲಿ ನಿಂತಿದ್ದಕ್ಕೇ ನನ್ನ ಕಣ್ಣು ಉರೀತು. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೀತು, ಅದಕ್ಕೆ ಸ್ಮಾರಕ, ಭಾಷಣ ಎಲ್ಲ ಇದೆ, ಇರಲಿ. ಆದರೆ ತಲೆಮಾರುಗಟ್ಟಲೆ ಉಪ್ಪು ತೆಗೆದ ಕೈಗಳ ಮಾತು ಆ ಭಾಷಣಗಳಲ್ಲಿ ಎಷ್ಟು ಸಲ ಬಂದಿದೆ? ಆ ಕೈ ತೆಗೆದ ಉಪ್ಪು ಎಲ್ಲರ ಸಾರಿಗೂ ಬಿತ್ತು. ಉಪ್ಪಿಗೆ ಮೈಲಿಗೆ ಇಲ್ಲ. ಅದೇ ಕೈ ಸಾರು ಕುದಿಸಿದ್ರೆ ಮಾತ್ರ ಮೈಲಿಗೆ. ಇದು ಯಾವ ಲೆಕ್ಕ?

ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ಬೆಳಿಗ್ಗೆ ಭಟ್ಟರ ಫೋನು. "ಸೂತಕ ಬಂತು ಮಾರಾಯ್ರೆ. ಇನ್ನು ಹನ್ನೆರಡು ದಿನ ಬರೂಕೆ ಆಗೂದಿಲ್ಲ." ಅವರ ದೊಡ್ಡಪ್ಪ ತೀರಿಕೊಂಡಿದ್ರು. ಬೇರೆ ಅಡುಗೆಯವರನ್ನ ಕೇಳಿದ್ರೆ ಎಲ್ಲರೂ ಮದುವೆ, ಉಪನಯನ ಅಂತ ಒಪ್ಪಿಕೊಂಡಾಗಿತ್ತು. ಅಕ್ಕಿ ತೊಳೆದಾಗಿದೆ, ಹತ್ತು ಗಂಟೆ ಆಗ್ತಾ ಬಂದಿದೆ. ಇನ್ನು ಎರಡೂವರೆ ಗಂಟೆಗೆ ನೂರಿಪ್ಪತ್ತು ಜನ ಬಂದು ನಿಲ್ತಾರೆ. ತರಕಾರಿ ಹೆಂಗಸರು ಮುಖ ಮುಖ ನೋಡಿಕೊಂಡ್ರು. ಮನೆ ಅಡುಗೆ ಬೇರೆ, ಹಂಡೆ ಅಡುಗೆ ಬೇರೆ. ನಾನು ಹಿಂದೆ ಹೋಗಿ ಅಕ್ಕನನ್ನ ಕೇಳಿದೆ, "ಇಷ್ಟು ಜನಕ್ಕೆ ಮಾಡೋಕಾಗುತ್ತಾ?"

"ನಮ್ಮ ಕೇರಿ ಮದುವೆಗೆಲ್ಲ ಯಾರು ಮಾಡೂದು ಅಂತ ಮಾಡಿದ್ಯೆ? ಇನ್ನೂರು ಮುನ್ನೂರು ಜನಕ್ಕೆ ಮಾಡ್ತೆ."

ಕೈ ತೊಳೆದು ಒಳಗೆ ಬಂದಳು. ಗುಂಪಿನ ಹಿರಿಯರೊಬ್ಬರು ಒಂದು ಕ್ಷಣ ಸುಮ್ಮನಿದ್ದು "ಅಡ್ಡಿಲ್ಲ" ಅಂದ್ರು. ಈ ಕಡೆ ಆಗಬಹುದು, ಪರವಾಗಿಲ್ಲ, ನೋಡೋಣ, ಎಲ್ಲದಕ್ಕೂ ಅದೊಂದೇ ಮಾತು.

ಅವತ್ತು ಅಲಸಂದೆ ಕಾಳಿನ ಸಾರು. ತೆಂಗಿನಕಾಯಿ ಬೀಸಿ, ಮುರುಗಲ ಹುಳಿ ಹಾಕಿ, ಕೊನೆಗೆ ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆ. ಅಲ್ಲೀವರೆಗೆ ಆ ಶೆಡ್ಡಿನಲ್ಲಿ ಈರುಳ್ಳಿ ಬಿದ್ದಿರಲಿಲ್ಲ. ತಿಥಿಯ ಊಟ, ದೇವರ ಹೆಸರಿನ ಊಟ ಅಂತ ದಾನಿಗಳು ಬೇಡ ಅಂತಿದ್ರು. ಈರುಳ್ಳಿಗೇ ಹೆಸರಾದ ಸೀಮೆಯಲ್ಲಿ ಬಡವರ ಸಾರಿಗೆ ಈರುಳ್ಳಿ ಇಲ್ಲ! ಅವತ್ತು ಲೈನಲ್ಲಿದ್ದ ಗಾರೆ ಹುಡುಗರು ಎರಡನೇ ಸಲ ಅನ್ನ ಹಾಕಿಸಿಕೊಂಡ್ರು. ಹೆರಿಗೆ ವಾರ್ಡಿನ ಅಜ್ಜಿಯೊಬ್ಬರು ಡಬ್ಬಿಗೆ ಸಾರು ಕೇಳಿದ್ರು. ಯಾರು ಮಾಡಿದ್ದು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಹಸಿದವರಿಗೆ ಆ ಪ್ರಶ್ನೆ ಬರಲೇ ಇಲ್ಲ. ಅದು ಬಂದಿದ್ದು ಹೊಟ್ಟೆ ತುಂಬಿದವರಿಗೆ.

ಐದನೇ ದಿನ ದಾನಿಯೊಬ್ಬರ ಫೋನು. ದೊಡ್ಡ ಮನೆತನ, ಮೆತ್ತಗಿನ ಮಾತು. "ಬೇರೆ ಎಂತ ಇಲ್ಲ. ನಮ್ಮ ತಂದೆಯವರ ಹೆಸರಿನ ಊಟ ಅಲ್ವಾ, ಅಡುಗೆ ಹೊರಗಿನಿಂದ ನಾವೇ ಮಾಡಿಸಿ ತರ್ತೇವೆ. ನೀವು ಬಡಿಸಿದ್ರೆ ಸಾಕು." ಮರುದಿನ ಇನ್ನೊಬ್ಬರು: "ಭಟ್ಟರು ಬಂದ ಮೇಲೆ ನಮ್ಮ ದಿನ ಇಟ್ಕೊಳ್ಳಿ." ಅಕ್ಕನ ಹೆಸರನ್ನಾಗಲೀ ಜಾತಿಯನ್ನಾಗಲೀ ಯಾರೂ ಎತ್ತಲಿಲ್ಲ. ಎತ್ತಬೇಕಾದ ಅಗತ್ಯವೇ ಇರಲಿಲ್ಲ.

ಅವತ್ತು ಸಂಜೆ ಮೀಟಿಂಗು. ಒಂಬತ್ತು ಜನ. "ಜಾತಿ ವಿಷಯ ತಂದು ಒಳ್ಳೇ ಕೆಲಸ ಕೆಡಿಸೋದು ಬೇಡ" ಅಂದ್ರು ಒಬ್ಬರು. "ಮುಖ್ಯ ಆಗಬೇಕಾದ್ದು ಹಸಿವು" ಅಂದ್ರು ಇನ್ನೊಬ್ಬರು. ಈ ಎರಡನೇ ಮಾತನ್ನ ತಳ್ಳಿಹಾಕೋಕೆ ಆಗಲ್ಲ. ದಾನಿ ಹೋದ್ರೆ ಊಟ ನಿಲ್ಲುತ್ತೆ, ನಿಂತ್ರೆ ಹಸಿಯೋದು ನಮ್ಮವರೇ. ಆ ಗುಂಪಿನಲ್ಲಿ ನಾನು ಹೊಸಬಳು, ಹೊರಗಿನವಳು. ಆದ್ರೂ ಹೇಳಿದೆ. ಜಾತಿ ವಿಷಯ ತಂದಿದ್ದು ನಾವಲ್ಲ, ಅದು ಫೋನಿನಲ್ಲಿ ಬಂತು. ನಾವೀಗ ಅದಕ್ಕೆ ಹೂಂ ಅನ್ನಬೇಕೋ ಬೇಡವೋ, ಅಷ್ಟೇ ತೀರ್ಮಾನ. ಅಕ್ಕ ಆರು ದಿನ ಸಾರು ಮಾಡಿದ್ದಾಳೆ, ಒಬ್ಬರಿಗೂ ಹೊಟ್ಟೆ ಕೆಟ್ಟಿಲ್ಲ. ಅವಳನ್ನ ಮತ್ತೆ ಕಲ್ಲಿಗೆ ಕಳಿಸೋದಾದ್ರೆ ಯಾವ ಕಾರಣ ಹೇಳಿ ಕಳಿಸ್ತೀರಿ? ಆ ಕಾರಣವನ್ನ ನಿಮ್ಮಲ್ಲಿ ಒಬ್ಬರು ಅವಳ ಮುಖ ನೋಡಿ ಹೇಳಿ.

ಯಾರೂ ಏಳಲಿಲ್ಲ.

ಇನ್ನೊಂದು ವಿಷಯವನ್ನೂ ಮೇಜಿನ ಮೇಲಿಟ್ಟೆ. ಪಾತ್ರೆ ತಿಕ್ಕೋಕೆ ಅಕ್ಕನಿಗೆ ದಿನಕ್ಕೆ 300 ರೂಪಾಯಿ. ಅಡುಗೆಗೆ ಭಟ್ಟರಿಗೆ 800. ಈ ಆರು ದಿನ ಅವಳಿಗೆ ಕೊಟ್ಟಿದ್ದು ಅದೇ 300, ಮೇಲೆ ಒಂದು "ಥ್ಯಾಂಕ್ಸ್". ಮಡಿ ಮೈಲಿಗೆ ಅಂದ್ರೆ ಬರೀ ಮನಸ್ಸಿನ ವಿಷಯ ಅಂದ್ಕೋಬೇಡಿ. ಈ ಶೆಡ್ಡಿನಲ್ಲಿ ಅದರ ಬೆಲೆ ದಿನಕ್ಕೆ 500 ರೂಪಾಯಿ, ಅದನ್ನ ಕಟ್ಟುತ್ತಾ ಬಂದವಳು ಅವಳು.

ಗೆಳೆಯರೇ, ಇಲ್ಲಿ ಬಾಬಾಸಾಹೇಬರನ್ನ ನೆನೀಲೇಬೇಕು. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅವರನ್ನ ಭಾಷಣಕ್ಕೆ ಕರೆದು, ಬರೆದ ಭಾಷಣ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿದ್ರು. ಬಾಬಾಸಾಹೇಬರು ಅದನ್ನ ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದ್ರು. ಅದೇ 'ಜಾತಿ ವಿನಾಶ'. ಸಹಭೋಜನ ಮಾಡಿಸಿದ್ರೆ ಜಾತಿ ಹೋಗುತ್ತೆ ಅಂತಿದ್ದ ಸುಧಾರಕರಿಗೆ ಅದರಲ್ಲಿ ಅವರು ಕೊಟ್ಟ ಉತ್ತರ ಇವತ್ತಿಗೂ ನಿಲ್ಲುತ್ತೆ: ಒಬ್ಬರ ಜೊತೆ ಒಬ್ಬರು ಉಣ್ಣೋ ಜಾತಿಗಳು ಎಷ್ಟೋ ಇವೆ, ಉಂಡ ಮಾತ್ರಕ್ಕೆ ಅವು ಜಾತಿಗಳಾಗಿ ಉಳಿಯೋದನ್ನ ಬಿಟ್ಟಿಲ್ಲ. ಸಹಭೋಜನ ಸಣ್ಣ ಕೆಲಸ ಅಂತಲ್ಲ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಈಳವ ಸಮುದಾಯದ ಸಹೋದರನ್ ಅಯ್ಯಪ್ಪನ್ ಪುಲಯರ ಜೊತೆ ಮಿಶ್ರಭೋಜನ ಮಾಡಿದ್ದಕ್ಕೆ ಅವರ ಜಾತಿಯವರೇ ಹೊರಗೆ ಹಾಕಿ, 'ಪುಲಯನ್ ಅಯ್ಯಪ್ಪನ್' ಅಂತ ಹಂಗಿಸಿದ್ರು. ಕಳೆದುಕೊಳ್ಳೋಕೆ ಏನೋ ಇದ್ದವನು ಕೂತಾಗ ಆ ಊಟಕ್ಕೆ ಬೆಲೆ. ಇವತ್ತು ಹೋಟೆಲಿನಿಂದ ಇಡ್ಲಿ ತರಿಸಿ ದಲಿತರ ಮನೆ ಜಗಲಿಯಲ್ಲಿ ತಿಂದು ಫೋಟೋ ಹಾಕೋ ನಾಯಕರು ಏನು ಕಳೆದುಕೊಂಡ್ರು?

ಪಕ್ಕದಲ್ಲಿ ಕೂರೋದು ಸುಲಭ. ಕೈಯಿಂದ ಉಣ್ಣೋದೇ ಕಷ್ಟ. ಸುಪ್ರೀಂ ಕೋರ್ಟಿಗೂ ಇದು ಗೊತ್ತಿತ್ತು. ಬಿಸಿಯೂಟದ ಅಡುಗೆಯವರು, ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ 2004ರ ಏಪ್ರಿಲ್ 20ರಂದು ಆದೇಶ ಮಾಡಿತು. ಮಕ್ಕಳು ಸಾಲಲ್ಲಿ ಕೂತ್ರೆ ಸಾಲದು, ಸೌಟು ಹಿಡಿದ ಕೈ ಯಾರದು ಅನ್ನೋದೂ ಮುಖ್ಯ ಅಂತ. ಆಮೇಲೇನಾಯ್ತು? ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಮಹಿಳೆ ಅಡುಗೆ ಮಾಡ್ತಾರೆ ಅಂತ ಮಕ್ಕಳನ್ನ ಶಾಲೆಯಿಂದಲೇ ಬಿಡಿಸಿದ್ದು 2015ರ ಹೊತ್ತಿಗೆ ಸುದ್ದಿಯಾಯ್ತು. 2025ರಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದಿಂದ ಅದೇ ಥರದ ಸುದ್ದಿ. ಹತ್ತು ವರ್ಷದಲ್ಲಿ ಮೊಬೈಲು ಬದಲಾಯ್ತು, ರಸ್ತೆ ಬದಲಾಯ್ತು. ಟಿಸಿ ತಗೊಳ್ಳೋ ಕಾರಣ ಬದಲಾಗಲಿಲ್ಲ.

ಮೀಟಿಂಗಿನಲ್ಲಿ ಏನಾಯ್ತು ಅಂತ ಹೇಳ್ತೀನಿ. ಗೆದ್ವಿ ಅಂತ ಹೇಳೋಕಾಗಲ್ಲ. ಹೊರಗಿನ ಅಡುಗೆ ತರಿಸಲ್ಲ, ಅಡುಗೆಯವರನ್ನ ದಾನಿ ಆರಿಸುವಂತಿಲ್ಲ ಅಂತ ಐದು ಜನ, ಬೇಡ ಅಂತ ಮೂರು ಜನ, ಒಬ್ಬರು ಸುಮ್ಮನೆ ಕೂತರು. ಆ ಮೂವರಲ್ಲಿ ಇಬ್ಬರು ಈಗ ಬರಲ್ಲ. ದಾನಿಗಳು ಕೆಲವರು ಬಿಟ್ಟುಹೋದ್ರು, ವಾರಕ್ಕೆ ಆರು ದಿನ ಇದ್ದ ಊಟ ಐದು ದಿನಕ್ಕೆ ಇಳೀತು. ಆ ಒಂದು ದಿನ ನನ್ನನ್ನ ಈಗಲೂ ಕೊರೆಯುತ್ತೆ. ಆ ದಿನ ಆಸ್ಪತ್ರೆ ಬಾಗಿಲಲ್ಲಿ ಬಿಸ್ಕತ್ತು ತಿನ್ನೋ ತಾಯಿಗೆ ನಮ್ಮ ತತ್ವ ಹೊಟ್ಟೆ ತುಂಬಿಸಲ್ಲ. ಆದರೆ ಆ ಹಸಿವನ್ನ ನಮ್ಮ ತಲೆಗೆ ಕಟ್ಟಬೇಡಿ. ಅಕ್ಕನ ಕೈ ನೋಡಿ ಅಕ್ಕಿ ವಾಪಸ್ ತಗೊಂಡವರನ್ನ ಕೇಳಿ.

ಸೂತಕ ಕಳೆದು ಭಟ್ಟರು ಬಂದ್ರು. ಅವರ ಸೂತಕಕ್ಕೆ ಹನ್ನೆರಡನೇ ದಿನ ಅಂತ ಒಂದು ಕೊನೆ ಇದೆ. ನಮ್ಮ ಮೇಲೆ ಹೊರಿಸಿದ್ದಕ್ಕೆ ಎಷ್ಟನೇ ದಿನ? ಅವರು ಏನು ಹೇಳ್ತಾರೋ ಅಂತ ಎಲ್ಲರಿಗೂ ಅಳುಕಿತ್ತು. ಒಲೆ ನೋಡಿದ್ರು, ಅಕ್ಕನ್ನ ನೋಡಿದ್ರು. "ಸಾರು ಅವಳೇ ಮಾಡ್ಲಿ, ಪಲ್ಯ ಅನ್ನ ನಾ ನೋಡ್ಕೊಳ್ತೆ. ನಂಗೂ ಬೆನ್ನು ನೋವು" ಅಂದ್ರು. ಊಟವನ್ನ ಮಾತ್ರ ಅವರು ಮುಂಚಿನಿಂದಲೂ ಮನೆಯಿಂದಲೇ ತರ್ತಾರೆ, ಈಗಲೂ ತರ್ತಾರೆ. ಅವರನ್ನ ಹೊಗಳೋಕೂ ಬೈಯೋಕೂ ಇಷ್ಟರಲ್ಲಿ ಏನಿಲ್ಲ. ಇಬ್ಬರಿಗೂ ಈಗ ಒಂದೇ ಕೂಲಿ.

ಪಾತ್ರೆ ತಿಕ್ಕೋದು ಈಗ ಸರದಿ ಮೇಲೆ. ಬಡಿಸೋಕೆ ಬಂದವರು ತಿಕ್ಕಿಯೇ ಹೋಗಬೇಕು ಅಂತ ನಿಯಮ. ಆ ನಿಯಮ ಬಂದ ಮೇಲೆ ಬಡಿಸೋಕೆ ಬರುವವರ ಸಂಖ್ಯೆ ಅರ್ಧ ಆಯ್ತು. ಫೋಟೋಗಳೂ ಕಡಿಮೆಯಾದವು. ಉಳಿದವರಲ್ಲಿ ಒಬ್ಬ ಬ್ಯಾಂಕ್ ನೌಕರ ಇದ್ದಾನೆ. ಮೊದಲ ದಿನ ಹಂಡೆಯೊಳಗೆ ತಲೆ ಹಾಕಿ ತಿಕ್ಕಿ, ಹೊರಗೆ ಬಂದು "ಇದನ್ನ ಅಕ್ಕ ಇಷ್ಟು ವರ್ಷ ಒಬ್ಬಳೇ ಮಾಡಿದ್ದಾ?" ಅಂದ. ಹೌದಪ್ಪ, ಒಬ್ಬಳೇ.

ಊರಿಗೆ ಫೋನ್ ಮಾಡಿ ಅವ್ವನಿಗೆ ಇದೆಲ್ಲ ಹೇಳಿದೆ. ಅವ್ವ ನಮ್ಮೂರಲ್ಲಿ ಇಪ್ಪತ್ತು ವರ್ಷ ಬೇರೆಯವರ ಹೊಲದಲ್ಲಿ ಜೋಳ ಕೊಯ್ದವಳು. "ಅಲ್ಲವ್ವಾ, ಕೊಯ್ದಿದ್ದ ಜೋಳ ತಿಂತಾರ, ಬಡದ ರೊಟ್ಟಿ ತಿನ್ನೂದಿಲ್ಲ. ಇದು ಹೊಸಾದೇನು?" ಅಂದಳು. ಘಟ್ಟದ ಮೇಲೆ ಜೋಳ, ಕೆಳಗೆ ಉಪ್ಪು.

ಈ ಬರಹ ಓದೋರಲ್ಲಿ ಬಹಳ ಜನ ಏಪ್ರಿಲ್ 14ಕ್ಕೆ ಅನ್ನಸಂತರ್ಪಣೆ ಮಾಡ್ತೀರಿ, ಕೆಲವರು ವರ್ಷಪೂರ್ತಿ ಊಟ ಹಂಚೋ ಗುಂಪುಗಳಲ್ಲಿದ್ದೀರಿ. ನಿಮಗೆ ಮೂರು ಪ್ರಶ್ನೆ ಬಿಟ್ಟು ಹೋಗ್ತೀನಿ. ಸೌಟು ಯಾರ ಕೈಲಿದೆ? ಹಂಡೆ ಯಾರು ತಿಕ್ಕುತ್ತಾರೆ? ಇಬ್ಬರಿಗೂ ಸಿಗೋ ಕೂಲಿ ಎಷ್ಟು? ನಮ್ಮದೇ ಜಯಂತಿಯ ಊಟಕ್ಕೂ "ಎಲ್ಲರೂ ಉಣ್ಣಲಿ" ಅಂತ ಭಟ್ಟರನ್ನ ಕರೆಸೋ ಊರುಗಳನ್ನ ನಾನು ನೋಡಿದೀನಿ. ಅಲ್ಲೂ ಕೇಳಿ. ನಮ್ಮ ಕೇರಿಯ ಹೆಂಗಸರೇ ಮಾಡ್ಲಿ, ಊರಿನವರನ್ನ ಕರೀರಿ. ಯಾರು ಬಂದ್ರು, ಯಾರು ಬರಲಿಲ್ಲ ಅಂತ ನೋಡಿಕೊಳ್ಳಿ. "ಈಗೆಲ್ಲಿದೆ ಜಾತಿ" ಅನ್ನೋರಿಗೆ ಆ ಲೆಕ್ಕ ತೋರಿಸಿ.

ಶನಿವಾರ ಈ ಕಡೆ ಬಂದ್ರೆ ಶೆಡ್ಡಿಗೆ ಬನ್ನಿ, ಇನ್‌ಬಾಕ್ಸಿಗೆ ಬಂದ್ರೆ ದಾರಿ ಹೇಳ್ತೀನಿ. ಸಾರು ಅಕ್ಕನದು, ಹಂಡೆ ನಿಮ್ಮ ಪಾಲಿಗೆ. ನಿಂತುಹೋದ ಆರನೇ ದಿನದ ಅಕ್ಕಿ ಕೊಡೋಕೆ ಮನಸ್ಸಿದ್ದವರೂ ಬನ್ನಿ. ಬೋರ್ಡಿನಲ್ಲಿ ಹೆಸರು ಹಾಕಲ್ಲ.

ಜೈ ಭೀಮ್.